ಹಳೆಯ ನೆಗಡಿ ಕೊರೊನಾವನ್ನು ಹಗುರಗೊಳಿಸಿತೆ?

‘ಮಣ್ಣು ಧೂಳು ಕುಡಿದು ಬೆಳೆದ ಮೈ ಇದು. ವರ್ಷಕ್ಕೆ ಎರಡು ಸಲ ನೆಗಡಿ ಬಂದು ಹೋಗುತ್ತೆ. ಕೊರೊನಾ ನಮ್ಮನ್ನೇನು ಮಾಡೀತು?’

2020ರ ಬೇಸಿಗೆಯಲ್ಲಿ ಅನಂತಪುರ ಸೀಮೆಯ ಉದ್ದಗಲಕ್ಕೂ ಈ ಧಾಟಿಯ ಮಾತು ಕನ್ನಡದಲ್ಲೂ ತೆಲುಗಿನಲ್ಲೂ ಓಡಾಡಿತು. ಹಿಂದೂಪುರದ ಹುಣಸೆ ಮಂಡಿಯಿಂದ ಕಲ್ಯಾಣದುರ್ಗದ ಕಡಲೆಕಾಯಿ ಹೊಲದವರೆಗೆ ದುಡಿದು ತಿನ್ನುವ ಜನ ತಮ್ಮ ಧೈರ್ಯಕ್ಕೆ ತಾವೇ ಹೇಳಿಕೊಂಡ ಮಾತು ಅದು. ಟಿ.ವಿ. ಮುಂದೆ ಕುಳಿತ ಓದುಬರಹದವರು ಇದನ್ನು ಹಳ್ಳಿಯವರ ಹುಂಬತನವೆಂದು ನಕ್ಕುಬಿಟ್ಟರು. ಆದರೆ ಅದೇ ತಿಂಗಳುಗಳಲ್ಲಿ ಅಮೆರಿಕದ ಲಾ ಹೋಯಾ, ಜರ್ಮನಿಯ ಬರ್ಲಿನ್ ಮತ್ತು ಸಿಂಗಪುರದ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ಹೆಚ್ಚು ಕಡಿಮೆ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಹಿಂದೆ ಬಂದು ಹೋದ ನೆಗಡಿಯ ನೆನಪು ಹೊಸ ಕೊರೊನಾ ವೈರಸ್ಸಿನ ಎದುರು ಕೆಲಸಕ್ಕೆ ಬರುತ್ತದೆಯೇ?

ಇಷ್ಟು ವರ್ಷಗಳ ನಂತರ ಈ ಪ್ರಶ್ನೆಗೆ ಒಂದು ಮಟ್ಟದ ಉತ್ತರ ಸಿಕ್ಕಿದೆ. ಮಂಡಿಯ ಮಾತು ಪೂರ್ತಿ ಸುಳ್ಳಾಗಿರಲಿಲ್ಲ, ನಂಬಿ ಕೂರುವಷ್ಟು ನಿಜವೂ ಆಗಿರಲಿಲ್ಲ. ಅದರಲ್ಲಿ ನಾಲ್ಕು ವಿಷಯ ಬಿಟ್ಟುಹೋಗಿದ್ದವು: ಯಾವ ನೆಗಡಿ, ಯಾವಾಗ ಬಂದದ್ದು, ಯಾರಿಗೆ ಬಂದದ್ದು, ಅದು ತಡೆಯುವುದಾದರೂ ಏನನ್ನು.

ಗಡಿಯ ಎರಡು ಊರು

ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡೂ ಆಂಧ್ರದ ನಕಾಶೆಯಲ್ಲಿದ್ದರೂ ಕರ್ನಾಟಕದ ಜೊತೆ ದಿನನಿತ್ಯದ ಬಳಕೆ ಇರುವ ಊರುಗಳು. ಹಿಂದೂಪುರಕ್ಕೆ ಗೌರಿಬಿದನೂರು, ಮಧುಗಿರಿ ಪಕ್ಕದ ತಾಲ್ಲೂಕುಗಳು. ಬೆಂಗಳೂರು–ಗುಂತಕಲ್ ರೈಲು ಮಾರ್ಗದಲ್ಲಿರುವ ಈ ಊರಿನಿಂದ ಕೂಲಿಗೆ, ಓದಿಗೆ, ಆಸ್ಪತ್ರೆಗೆ ಬೆಂಗಳೂರಿಗೆ ಹೋಗಿಬರುವವರು ಸಾವಿರಾರು. ಕಲ್ಯಾಣದುರ್ಗದ ಕಡೆಯವರಿಗೆ ಪಾವಗಡ, ಚಳ್ಳಕೆರೆಗಳ ನಂಟು. 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಕೊರೊನಾ ಬಂದಾಗ ಮಾತ್ರ ಎರಡೂ ಒಂದೇ ಜಿಲ್ಲೆಯಲ್ಲಿದ್ದವು.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ಆಯಿತು. ಅದೇ ತಿಂಗಳು ಗೌರಿಬಿದನೂರಿನಲ್ಲಿ ವಿದೇಶದಿಂದ ಮರಳಿದವರಲ್ಲಿ ಸೋಂಕು ಕಂಡಿತು. ತಿಂಗಳ ಕೊನೆಗೆ ಅನಂತಪುರ ಜಿಲ್ಲೆಯಲ್ಲೂ ಪ್ರಕರಣಗಳು ಶುರುವಾದವು. ಏಪ್ರಿಲ್‌ನಲ್ಲಿ ಜಿಲ್ಲಾಡಳಿತಕ್ಕೆ ಎಲ್ಲಕ್ಕಿಂತ ಹೆಚ್ಚು ತಲೆನೋವಾದ ಊರು ಹಿಂದೂಪುರ. ಹುಣಸೆ ಸುಗ್ಗಿಯ ಹೊತ್ತಿನಲ್ಲೇ ಬೀದಿಗಳಿಗೆ ಬೇಲಿ ಬಿತ್ತು, ರಾಜ್ಯದ ಗಡಿಯಲ್ಲಿ ತಪಾಸಣೆ ನಿಂತಿತು. ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಅಂದರೆ ಜನ ಆರ್‌ಡಿಟಿ ಎಂದೇ ಕರೆಯುವ ಸಂಸ್ಥೆಗೆ ಕಲ್ಯಾಣದುರ್ಗದಲ್ಲೂ ಬತ್ತಲಪಲ್ಲಿಯಲ್ಲೂ ಆಸ್ಪತ್ರೆಗಳಿವೆ. ಬತ್ತಲಪಲ್ಲಿಯ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಗಿ ಬದಲಾಯಿತು.

ಆ ದಿನಗಳಲ್ಲಿ ವೈದ್ಯರನ್ನೂ ಮನೆಮಂದಿಯನ್ನೂ ಒಂದೇ ರೀತಿ ಕಾಡಿದ ಒಗಟೊಂದಿತ್ತು. ಒಂದೇ ಮನೆ, ಒಂದೇ ಅಡುಗೆ, ಒಂದೇ ಗಾಳಿ. ತಂದೆಗೆ ಆಮ್ಲಜನಕ ಬೇಕಾಯಿತು, ತಾಯಿಗೆ ಎರಡು ದಿನ ಮೈಕೈ ನೋವು, ಮಗನಿಗೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೂ ಒಂದು ಸೀನೂ ಇಲ್ಲ, ಸೊಸೆಗೆ ಪರೀಕ್ಷೆಯೂ ನೆಗೆಟಿವ್. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಒಳಹೊಕ್ಕ ವೈರಸ್ಸಿನ ಪ್ರಮಾಣ, ಇವೆಲ್ಲ ಈ ಒಗಟನ್ನು ಬಹುಮಟ್ಟಿಗೆ ಬಿಡಿಸುತ್ತವೆ, ಪೂರ್ತಿಯಾಗಿ ಅಲ್ಲ. ಉಳಿದ ಭಾಗದಲ್ಲಿ ಹಳೆಯ ನೆಗಡಿಗೂ ಒಂದು ಪಾಲಿದೆಯೇ ಎಂಬುದು ಸಂಶೋಧಕರ ಅನುಮಾನ.

ನೆಗಡಿ ತರುವ ನಾಲ್ಕು ಕೊರೊನಾಗಳು

ನೆಗಡಿ ಒಂದೇ ವೈರಸ್ಸಿನ ಕೆಲಸವಲ್ಲ. ಅದನ್ನು ತರುವ ವೈರಸ್ಸುಗಳು ಇನ್ನೂರರ ಆಸುಪಾಸು ಇವೆ. ಅವುಗಳಲ್ಲಿ ರೈನೋವೈರಸ್‌ಗಳದ್ದೇ ದೊಡ್ಡ ಪಾಲು. ಅವುಗಳ ಬಗೆಗಳೇ 150ಕ್ಕೂ ಹೆಚ್ಚು. ವಯಸ್ಕರ ನೆಗಡಿಗಳಲ್ಲಿ ಸುಮಾರು 100ಕ್ಕೆ 15ರಿಂದ 30 ಮಾತ್ರ ಕೊರೊನಾ ಕುಟುಂಬದ ವೈರಸ್ಸುಗಳಿಂದ ಬರುತ್ತವೆ ಎಂಬುದು ಹಳೆಯ ಅಂದಾಜು.

ಈ ಕುಟುಂಬವನ್ನು ಮೊದಲು ಗುರುತಿಸಿದ್ದು ನೆಗಡಿಯ ಬೆನ್ನು ಹತ್ತಿದವರೇ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರವಿತ್ತು. ಅಲ್ಲಿನ ಡೇವಿಡ್ ಟಿರೆಲ್ ಮತ್ತು ಬೈನೋ, ಶಾಲಾ ಬಾಲಕನೊಬ್ಬನ ಮೂಗಿನ ದ್ರವದಲ್ಲಿ ಸಿಕ್ಕ ವಿಚಿತ್ರ ವೈರಸ್ಸಿನ ಬಗ್ಗೆ 1965ರಲ್ಲಿ ವರದಿ ಮಾಡಿದರು. ಮರುವರ್ಷ ಶಿಕಾಗೋದ ಡೊರೊತಿ ಹ್ಯಾಮ್ರೆ ಮತ್ತು ಜಾನ್ ಪ್ರಾಕ್‌ನೋ ನೆಗಡಿಯಾಗಿದ್ದ ವೈದ್ಯಕೀಯ ವಿದ್ಯಾರ್ಥಿಗಳಿಂದ ಪಡೆದ 229ಇ ಎಂಬ ವೈರಸ್ಸನ್ನು ವಿವರಿಸಿದರು. 1967ರಲ್ಲಿ ಅಮೆರಿಕದಲ್ಲಿ ಒಸಿ43 ಸಿಕ್ಕಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಕಣಗಳ ಸುತ್ತಲ ಪ್ರಭಾವಳಿಯನ್ನು ಸ್ಪಷ್ಟವಾಗಿ ಹಿಡಿದವರು ಸ್ಕಾಟ್ಲೆಂಡಿನ ಜೂನ್ ಅಲ್ಮೇಡಾ; 16ನೇ ವಯಸ್ಸಿಗೆ ಶಾಲೆ ಬಿಟ್ಟು ಪ್ರಯೋಗಾಲಯದ ಕೆಲಸಕ್ಕೆ ಸೇರಿದವರು. ಆ ಪ್ರಭಾವಳಿಯಿಂದಲೇ 1968ರಲ್ಲಿ ಕುಟುಂಬಕ್ಕೆ ಕೊರೊನಾ ಎಂಬ ಹೆಸರು ಬಂತು. ಮುಂದೆ 2004ರಲ್ಲಿ ನೆದರ್ಲೆಂಡ್ಸ್‌ನ ಹಸುಗೂಸೊಂದರಲ್ಲಿ ಎನ್‌ಎಲ್63, 2005ರಲ್ಲಿ ಹಾಂಗ್‌ಕಾಂಗ್‌ನ ವೃದ್ಧರೊಬ್ಬರಲ್ಲಿ ಎಚ್‌ಕೆಯು1 ಪತ್ತೆಯಾದವು.

ಈ ನಾಲ್ಕೂ ಜಗತ್ತಿನೆಲ್ಲೆಡೆ ಹಬ್ಬಿವೆ. ಒಂದನೇ ತರಗತಿಗೆ ಹೋಗುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಇವುಗಳಲ್ಲಿ ಒಂದೆರಡರ ಪರಿಚಯವಾದರೂ ಆಗಿರುತ್ತದೆ. ಹಿಂದೂಪುರದ ಮಗುವಿಗೂ ಅಷ್ಟೇ, ಬೋಸ್ಟನ್ನಿನ ಮಗುವಿಗೂ ಅಷ್ಟೇ. ನಾಲ್ಕರಲ್ಲಿ ಒಸಿ43 ಮತ್ತು ಎಚ್‌ಕೆಯು1, ಕೋವಿಡ್ ತಂದ ಸಾರ್ಸ್-ಕೋವ್-2 ಸೇರಿರುವ ಬೀಟಾ ಗುಂಪಿನವೇ. ಅಂದರೆ ದಾಯಾದಿಗಳು. ಸಾಮಾನ್ಯ ನೆಗಡಿ ಕೊರೊನಾದ ಎದುರು ಏನಾದರೂ ನೆರವಾಗುತ್ತದೆ ಎಂಬ ವಾದ ನಿಂತಿರುವುದು ಈ ರಕ್ತಸಂಬಂಧದ ಮೇಲೆ.

ದೇಹ ನೆನಪಿಡುವ ಬಗೆ

ದಾಯಾದಿಗಳಾದರೂ ಇವುಗಳ ಹೊರರೂಪ ಒಂದೇ ಅಲ್ಲ. ವೈರಸ್ಸಿನ ಮೈಮೇಲಿನ ಮುಳ್ಳು ಪ್ರೊಟೀನು, ಅದರಲ್ಲೂ ಜೀವಕೋಶಕ್ಕೆ ಅಂಟಿಕೊಳ್ಳುವ ಅದರ ತುದಿ, ಒಂದೊಂದರಲ್ಲಿ ಒಂದೊಂದು ಥರ. ಒಳಗಿನ ಭಾಗಗಳು ಹಾಗಲ್ಲ. ತನ್ನ ಪ್ರತಿಗಳನ್ನು ತಯಾರಿಸಿಕೊಳ್ಳಲು ವೈರಸ್ಸು ಬಳಸುವ ಪಾಲಿಮರೇಸ್‌ನಂಥ ಯಂತ್ರಾಂಶಗಳು ಇಡೀ ಕುಟುಂಬದಲ್ಲಿ ಬಹಳಷ್ಟು ಹೋಲುತ್ತವೆ. ಯಂತ್ರ ಕೆಟ್ಟರೆ ವೈರಸ್ಸೇ ಉಳಿಯದು, ಹಾಗಾಗಿ ಅದು ಸುಲಭವಾಗಿ ಬದಲಾಗುವುದಿಲ್ಲ.

ನಮ್ಮ ದೇಹ ಹಳೆಯ ಸೋಂಕನ್ನು ಎರಡು ರೀತಿಯಲ್ಲಿ ನೆನಪಿಡುತ್ತದೆ. ಒಂದು ಪ್ರತಿಕಾಯ, ಇನ್ನೊಂದು ಟಿ ಕೋಶ. ಬೆಲ್ಲದ ಮಂಡಿಯಲ್ಲಿ ಇಬ್ಬರು ವ್ಯಾಪಾರಿಗಳನ್ನು ನೆನೆದುಕೊಳ್ಳಿ. ಒಬ್ಬ ಮೂಟೆಯ ಹೊರಗಿನ ಗುರುತು ನೋಡಿ ಸರಕು ಯಾರದೆಂದು ಹೇಳುತ್ತಾನೆ. ಇನ್ನೊಬ್ಬ ಅಚ್ಚಿನ ಮೂಲೆ ಮುರಿದು, ಚೂರನ್ನು ಬೆಳಕಿಗೆ ಹಿಡಿದು ಹೇಳುತ್ತಾನೆ. ಪ್ರತಿಕಾಯ ಮೊದಲನೆಯವನ ಹಾಗೆ, ವೈರಸ್ಸಿನ ಹೊರಮೈ ನೋಡಿ ಹಿಡಿಯುತ್ತದೆ. ಗುರುತು ಬದಲಾದರೆ ತಬ್ಬಿಬ್ಬಾಗುತ್ತದೆ. ಟಿ ಕೋಶ ಎರಡನೆಯವನು. ಸೋಂಕಿದ ಜೀವಕೋಶ ವೈರಸ್ಸಿನ ಪ್ರೊಟೀನುಗಳನ್ನು ಚೂರುಮಾಡಿ ತನ್ನ ಹೊರಪದರದ ಮೇಲೆ ಎತ್ತಿ ತೋರಿಸುತ್ತದೆ, ಟಿ ಕೋಶ ಆ ಚೂರನ್ನು ನೋಡಿ ಶತ್ರುವನ್ನು ಗುರುತಿಸುತ್ತದೆ. ಮೂಟೆ ಹೊಸದಾದರೂ ಒಳಗಿನ ಚೂರು ಹಳೆಯದರಂತೆ ಇದ್ದರೆ ಅದಕ್ಕೆ ಸಾಕು.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಪ್ರತಿಕಾಯ ವೈರಸ್ಸನ್ನು ಜೀವಕೋಶದ ಒಳಹೊಗದಂತೆ ತಡೆಯಬಲ್ಲದು. ಟಿ ಕೋಶದ ಕೆಲಸ ಶುರುವಾಗುವುದೇ ವೈರಸ್ಸು ಒಳಹೊಕ್ಕ ಮೇಲೆ. ಹಾಗಾಗಿ ಹಳೆಯ ನೆಗಡಿಯ ಕೊಡುಗೆ ಮುಖ್ಯವಾಗಿ ಟಿ ಕೋಶಗಳ ಮೂಲಕ ಬರುವುದಾದರೆ ಅದರಿಂದ ಸೋಂಕು ತಪ್ಪುವುದಕ್ಕಿಂತ ಕಾಯಿಲೆ ಹಗುರಾಗುವ ಸಾಧ್ಯತೆಯೇ ಹೆಚ್ಚು.

2020ರ ಮೇ ತಿಂಗಳಲ್ಲಿ ಲಾ ಹೋಯಾದ ಅಲ್ಬಾ ಗ್ರಿಫೋನಿ, ಅಲೆಸ್ಸಾಂಡ್ರೊ ಸೆಟ್ಟೆ ಮತ್ತು ಶೇನ್ ಕ್ರಾಟಿ ಪ್ರಕಟಿಸಿದ ಅಧ್ಯಯನ ಎಲ್ಲರ ಹುಬ್ಬೇರಿಸಿತು. 2015ರಿಂದ 2018ರ ನಡುವೆ, ಅಂದರೆ ಈ ವೈರಸ್ಸು ಮನುಷ್ಯರಲ್ಲಿ ಕಾಣಿಸುವ ಮೊದಲೇ ತೆಗೆದಿಟ್ಟಿದ್ದ ರಕ್ತದ ಮಾದರಿಗಳಲ್ಲಿ ಶೇಕಡ 40ರಿಂದ 60ರಷ್ಟು ಜನರ ಟಿ ಕೋಶಗಳು ಹೊಸ ವೈರಸ್ಸಿನ ಚೂರುಗಳಿಗೆ ಸ್ಪಂದಿಸಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಈ ಸಂಸ್ಥೆಯ ಹೋಸೆ ಮಟೇಯುಸ್ ತಂಡ, ಇವುಗಳಲ್ಲಿ ಕೆಲವು ಟಿ ಕೋಶಗಳು ನೆಗಡಿ ಕೊರೊನಾಗಳ ಚೂರುಗಳನ್ನೂ ಅಷ್ಟೇ ಚೆನ್ನಾಗಿ ಗುರುತಿಸುತ್ತವೆ ಎಂದು ತೋರಿಸಿತು. ಬರ್ಲಿನ್ನಿನಲ್ಲಿ ಸೋಂಕು ತಗುಲದ ಆರೋಗ್ಯವಂತರಲ್ಲಿ ಮೂರನೇ ಒಂದು ಭಾಗದವರಲ್ಲಿ ಇಂಥ ಕೋಶಗಳು ಸಿಕ್ಕವು. ದೆಹಲಿಯ ರಾಷ್ಟ್ರೀಯ ರೋಗನಿರೋಧ ವಿಜ್ಞಾನ ಸಂಸ್ಥೆಯ ನಿಮೇಶ್ ಗುಪ್ತ ಮತ್ತು ಸಂಗಡಿಗರು ಭಾರತೀಯರ ಮಾದರಿಗಳನ್ನು ಪರೀಕ್ಷಿಸಿದಾಗ, ಸೋಂಕಿಗೆ ಒಡ್ಡಿಕೊಳ್ಳದವರಲ್ಲೂ ಬಹುಪಾಲು ಜನರಲ್ಲಿ ಸ್ಪಂದಿಸುವ ಟಿ ಕೋಶಗಳಿದ್ದವು. ಈ ನೆನಪು ಎಷ್ಟು ಕಾಲ ಉಳಿದೀತು ಎನ್ನುವುದಕ್ಕೆ ಸಿಂಗಪುರ ಸಾಕ್ಷಿ ಒದಗಿಸಿತು: 2003ರಲ್ಲಿ ಇದೇ ಕೊರೊನಾ ಕುಟುಂಬದ ಸಾರ್ಸ್‌ನಿಂದ ಗುಣವಾದವರಲ್ಲಿ 17 ವರ್ಷಗಳ ನಂತರವೂ ಆ ವೈರಸ್ಸನ್ನು ನೆನಪಿಟ್ಟ ಟಿ ಕೋಶಗಳಿದ್ದವು, ಅವು ಹೊಸ ವೈರಸ್ಸನ್ನೂ ಗುರುತಿಸಿದವು.

ನೆನಪಿದ್ದರೆ ಸಾಕೆ?

ಗುರುತಿಸುವುದು ಬೇರೆ, ಕಾಪಾಡುವುದು ಬೇರೆ. ಪರೀಕ್ಷಾನಳಿಕೆಯಲ್ಲಿ ಸ್ಪಂದಿಸಿದ ಕೋಶ ಮನುಷ್ಯನ ಪುಪ್ಪುಸದಲ್ಲಿ ಅಷ್ಟೇ ಕೆಲಸ ಮಾಡೀತೆಂಬ ಭರವಸೆ ಇಲ್ಲ. ಅದನ್ನು ತಿಳಿಯಲು ಯಾರಿಗೆ ಯಾವ ನೆಗಡಿ ಬಂದಿತ್ತೆಂಬ ದಾಖಲೆ ಬೇಕು. ಅಂಥ ದಾಖಲೆ ಬೋಸ್ಟನ್ ಮೆಡಿಕಲ್ ಸೆಂಟರ್‌ನಲ್ಲಿತ್ತು. 2015ರಿಂದ ಅಲ್ಲಿ ಉಸಿರಾಟದ ತೊಂದರೆಯೆಂದು ಬಂದವರ ಮೂಗಿನ ದ್ರವದಲ್ಲಿ ಹಲವು ವೈರಸ್ಸುಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆ ಮಾಡುತ್ತಿದ್ದರು. ಮನೀಶ್ ಸಾಗರ್ ತಂಡ 15,000ಕ್ಕೂ ಹೆಚ್ಚು ಜನರ ಆ ದಾಖಲೆಗಳನ್ನು ತೆಗೆದು, 2020ರಲ್ಲಿ ಅವರಿಗೆ ಏನಾಯಿತೆಂದು ನೋಡಿತು. ಹಿಂದೆ ನೆಗಡಿ ಕೊರೊನಾ ಪತ್ತೆಯಾಗಿದ್ದವರಿಗೂ ಆಗದವರಿಗೂ ಕೋವಿಡ್ ಸೋಂಕು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಗುಲಿತ್ತು. ಆದರೆ ಸೋಂಕು ತಗುಲಿ ಆಸ್ಪತ್ರೆ ಸೇರಿದವರಲ್ಲಿ, ಮೊದಲ ಗುಂಪಿನವರು ತೀವ್ರ ನಿಗಾ ಘಟಕಕ್ಕೆ ಹೋದದ್ದೂ ಸತ್ತದ್ದೂ ಗಮನಾರ್ಹವಾಗಿ ಕಡಿಮೆ. ಟಿ ಕೋಶದ ಲೆಕ್ಕಾಚಾರಕ್ಕೆ ಇದು ಸರಿಯಾಗಿ ಹೊಂದುತ್ತದೆ. ಒಂದು ಎಚ್ಚರವೂ ಬೇಕು: ಎರಡೂ ಸೋಂಕು ಕಂಡವರ ಸಂಖ್ಯೆ ಚಿಕ್ಕದು, ಅವರೆಲ್ಲ ಒಂದೇ ಆಸ್ಪತ್ರೆಯವರು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಅಜಿತ್ ಲಾಲ್ವಾನಿ ಮತ್ತು ರಿಯಾ ಕುಂಡು, ‘ಒಂದೇ ಮನೆ’ಯ ಒಗಟನ್ನೇ ಪರೀಕ್ಷೆಗೆ ಹಚ್ಚಿದರು. 2020ರ ಸೆಪ್ಟೆಂಬರ್‌ನಲ್ಲಿ ಸೋಂಕಿತರ ಜೊತೆ ಒಂದೇ ಸೂರಿನಡಿ ಇದ್ದ 52 ಜನರನ್ನು ಗಮನಿಸಿದರು. ಅರ್ಧದಷ್ಟು, ಅಂದರೆ 26 ಜನರಿಗೆ ಸೋಂಕು ತಗುಲಲಿಲ್ಲ. ತಗುಲದವರಲ್ಲಿ ಹಳೆಯ ನೆಗಡಿಯಿಂದ ಉಳಿದಿರಬಹುದಾದ, ಹೊಸ ವೈರಸ್ಸಿನ ಒಳಭಾಗಗಳನ್ನು ಗುರುತಿಸುವ ಟಿ ಕೋಶಗಳು ಹೆಚ್ಚಿದ್ದವು. ಲಂಡನ್ನಿನದೇ ಮತ್ತೊಂದು ತಂಡ ಮೊದಲ ಅಲೆಯಲ್ಲಿ ದುಡಿದ ಆಸ್ಪತ್ರೆ ಸಿಬ್ಬಂದಿಯನ್ನು ಪರೀಕ್ಷಿಸಿತು. ಕೆಲವರಲ್ಲಿ ಪರೀಕ್ಷೆ ನೆಗೆಟಿವ್, ಪ್ರತಿಕಾಯವೂ ಇಲ್ಲ, ಆದರೆ ಪಾಲಿಮರೇಸ್‌ಗೆ ಸ್ಪಂದಿಸುವ ಟಿ ಕೋಶಗಳು ಬಲವಾಗಿದ್ದವು. ವೈರಸ್ಸು ಒಳಬಂದು, ಬೇರೂರುವ ಮೊದಲೇ ಅವರ ದೇಹ ಅದನ್ನು ಅಳಿಸಿಹಾಕಿರಬಹುದೆಂದು 2021ರಲ್ಲಿ ಅವರು ವರದಿ ಮಾಡಿದರು.

2023ರಲ್ಲಿ ಇನ್ನೊಂದು ಎಳೆ ಸಿಕ್ಕಿತು. ಚೂರುಗಳನ್ನು ಎತ್ತಿ ತೋರಿಸುವ ಎಚ್‌ಎಲ್‌ಎ ಎಂಬ ಅಣುಗಳು ವಂಶದಿಂದ ಬರುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕ್ಯಾಲಿಫೋರ್ನಿಯಾದ ಜಿಲ್ ಹಾಲೆನ್‌ಬ್ಯಾಕ್ ತಂಡ, ಸೋಂಕು ತಗುಲಿಯೂ ಯಾವ ಲಕ್ಷಣವೂ ಕಾಣದವರಲ್ಲಿ ಎಚ್‌ಎಲ್‌ಎ-ಬಿ*15:01 ಎಂಬ ಬಗೆ ಹೆಚ್ಚಾಗಿರುವುದನ್ನು ಕಂಡಿತು. ಆ ಬಗೆಯವರ ಟಿ ಕೋಶಗಳು ನೆಗಡಿ ಕೊರೊನಾದ ಒಂದು ಚೂರನ್ನು ಕಲಿತಿದ್ದವು. ಹೊಸ ವೈರಸ್ಸಿನ ಚೂರು ಅದಕ್ಕಿಂತ ಒಂದೇ ಅಕ್ಷರ ಬೇರೆ. ಅಂದರೆ ನೆಗಡಿ ಎಲ್ಲರಿಗೂ ಒಂದೇ ಪಾಠ ಕಲಿಸುವುದಿಲ್ಲ, ಕಲಿಯುವವರ ಹುಟ್ಟುಗುಣವೂ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಮಗ್ಗುಲು

ಇಷ್ಟನ್ನೇ ಓದಿ ನಿಲ್ಲಿಸಿದರೆ ಮಂಡಿಯ ಮಾತೇ ಗೆದ್ದಂತೆ ಕಾಣುತ್ತದೆ. ಎದುರು ಸಾಕ್ಷಿಗಳೂ ಇವೆ. ಪೆನ್ಸಿಲ್ವೇನಿಯಾದ ಸ್ಕಾಟ್ ಹೆನ್ಸ್‌ಲಿ ತಂಡ 2021ರಲ್ಲಿ ವರದಿ ಮಾಡಿದ ಪ್ರಕಾರ, ಕೋವಿಡ್‌ಗೆ ಮೊದಲೇ ಇದ್ದ ನೆಗಡಿ ಕೊರೊನಾ ಪ್ರತಿಕಾಯಗಳು ಸೋಂಕು ತಗುಲಿದಾಗ ಏರಿದವು, ಆದರೆ ಸೋಂಕನ್ನೂ ತಡೆಯಲಿಲ್ಲ, ಆಸ್ಪತ್ರೆ ಸೇರುವುದನ್ನೂ ತಪ್ಪಿಸಲಿಲ್ಲ. ಮ್ಯೂನಿಕ್‌ನ ಅಧ್ಯಯನವೊಂದರಲ್ಲಿ ಇಂಥ ಹಳೆಯ ಪ್ರತಿಕಾಯ ಹೆಚ್ಚಿದ್ದವರೇ ಹೆಚ್ಚು ತೊಂದರೆಗೆ ಒಳಗಾದ ಸೂಚನೆ ಸಿಕ್ಕಿತು. ದೇಹ ಮೊದಲು ಕಲಿತ ಪಾಠವನ್ನೇ ಮತ್ತೆ ಮತ್ತೆ ಒಪ್ಪಿಸಿ ಹೊಸದನ್ನು ಕಲಿಯಲು ತಡಮಾಡುವುದೂ ಉಂಟು. ಇನ್‌ಫ್ಲುಯೆಂಜಾದಲ್ಲಿ ಇದನ್ನು ಥಾಮಸ್ ಫ್ರಾನ್ಸಿಸ್ 1960ರಲ್ಲೇ ವಿವರಿಸಿದ್ದರು. ಜರ್ಮನಿಯ ಪೆಟ್ರಾ ಬಾಕರ್ ಮತ್ತು ಸಂಗಡಿಗರು, ತೀವ್ರ ಕೋವಿಡ್ ಆದವರಲ್ಲಿ ಟಿ ಕೋಶಗಳು ಬೇಕಾದಷ್ಟಿದ್ದರೂ ಶತ್ರುವನ್ನು ಗಟ್ಟಿಯಾಗಿ ಹಿಡಿಯದ, ಸಡಿಲ ಹಿಡಿತದ ಕೋಶಗಳೇ ತುಂಬಿದ್ದುದನ್ನು ಕಂಡರು.

ಕಾಲದ ಪ್ರಶ್ನೆಯೂ ಇದೆ. 1990ರಲ್ಲಿ ಪ್ರಕಟವಾದ ಸಾಲ್ಸ್‌ಬರಿಯ ಪ್ರಯೋಗವೊಂದರಲ್ಲಿ ಸ್ವಯಂಸೇವಕರ ಮೂಗಿಗೆ 229ಇ ವೈರಸ್ಸನ್ನು ಬಿಟ್ಟು ನೋಡಿದರು. ಸುಮಾರು ಒಂದು ವರ್ಷದ ನಂತರ ಅದೇ ವೈರಸ್ಸನ್ನು ಮತ್ತೆ ಕೊಟ್ಟಾಗ, ಮೊದಲ ಸಲ ಸೋಂಕು ಕಂಡಿದ್ದ 9 ಜನರಲ್ಲಿ 6 ಜನರಿಗೆ ಪುನಃ ತಗುಲಿತು. ಆದರೆ ಒಬ್ಬರಿಗೂ ಮೂಗು ಸೋರಲಿಲ್ಲ. ಆಮ್‌ಸ್ಟರ್‌ಡ್ಯಾಂನಲ್ಲಿ 10 ಗಂಡಸರ ರಕ್ತವನ್ನು 1980ರ ದಶಕದಿಂದ ದಶಕಗಳ ಕಾಲ ಕೂಡಿಟ್ಟು ನೋಡಿದಾಗಲೂ, ಅದೇ ನೆಗಡಿ ಕೊರೊನಾ ಒಂದು ವರ್ಷದ ಹೊತ್ತಿಗೆ ಮರಳಿ ಬರುವುದು ಸಾಮಾನ್ಯವೆಂದು ತಿಳಿಯಿತು. ತನ್ನ ಮೇಲೆಯೇ ವರ್ಷಕ್ಕಿಂತ ಹೆಚ್ಚು ಕಾವಲು ಕೊಡದ ನೆಗಡಿ, ದಾಯಾದಿಯ ಮೇಲೆ ಹತ್ತು ವರ್ಷ ಕಾವಲು ಕೊಟ್ಟೀತೆಂದು ನಂಬುವುದು ಕಷ್ಟ.

ಧೂಳಿನ ಸೀನು, ಮಳೆಯ ನೆಗಡಿ

ಈಗ ಬಿಟ್ಟುಹೋದ ನಾಲ್ಕು ವಿಷಯಗಳಿಗೆ ಬರೋಣ. ಮೊದಲನೆಯದು, ಯಾವ ನೆಗಡಿ. ಒಣಗಾಳಿಯ ಅನಂತಪುರ ಸೀಮೆಯಲ್ಲಿ ಸೀನುವುದಕ್ಕೆ ಕಾರಣಗಳು ಹಲವು. ಮೆಣಸಿನಕಾಯಿ ಮಂಡಿಯ ಘಾಟಿಗೆ, ಕಡಲೆಕಾಯಿ ಒಕ್ಕಣೆಯ ಹೊಟ್ಟಿಗೆ, ಬೇಸಿಗೆಯ ಸುಂಟರಗಾಳಿಯ ಧೂಳಿಗೆ ಮೂಗು ಸೋರುವುದು ಅಲರ್ಜಿಯೋ ಉರಿತವೋ ಹೊರತು ಸೋಂಕಲ್ಲ. ಅದರಿಂದ ಯಾವ ವೈರಸ್ಸಿನ ನೆನಪೂ ಹುಟ್ಟುವುದಿಲ್ಲ. ‘ಧೂಳು ಕುಡಿದು ಬೆಳೆದ ಮೈ’ ಎಂಬ ಮಾತು ಇಲ್ಲಿಗೇ ಮುಗಿಯಿತು. ಇನ್ನು ನಿಜವಾದ ನೆಗಡಿಗಳಲ್ಲೂ ಹೆಚ್ಚಿನವು ರೈನೋವೈರಸ್ಸಿನವು. ಅವು ಕೊರೊನಾ ಕುಟುಂಬಕ್ಕೆ ಸೇರಿಲ್ಲ, ಅವುಗಳಿಂದ ಕಲಿತ ಟಿ ಕೋಶ ಕೋವಿಡ್‌ಗೆ ಉಪಯೋಗವಿಲ್ಲ. ಒಂದು ಚಿಕ್ಕ ವಿನಾಯಿತಿ ಇದೆ. ರೈನೋವೈರಸ್ ಮೂಗಿನಲ್ಲಿರುವಾಗ ಹೊರಡುವ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ, ಆಗ ಒಳಬರುವ ಕೊರೊನಾ ವೈರಸ್ಸಿನ ಬೆಳವಣಿಗೆಯನ್ನೂ ತಗ್ಗಿಸುತ್ತದೆಂದು ಯೇಲ್ ಮತ್ತು ಗ್ಲಾಸ್ಗೋದ ಪ್ರಯೋಗಾಲಯಗಳು ತೋರಿಸಿವೆ. ಆ ರಕ್ಷಣೆ ದಿನಗಳ ಮಟ್ಟಿನದು, ವರ್ಷಗಳದ್ದಲ್ಲ.

ಎರಡನೆಯದು, ಯಾವಾಗ. ಹೋದ ವರ್ಷದ ಒಸಿ43 ನೆಗಡಿಗೂ ಬಾಲ್ಯದ ನೆಗಡಿಗೂ ಬೆಲೆ ಬೇರೆ. ಮೂರನೆಯದು, ಯಾರಿಗೆ. ಮಕ್ಕಳು ಶಾಲೆ, ಅಂಗನವಾಡಿಗಳಲ್ಲಿ ಈ ವೈರಸ್ಸುಗಳನ್ನು ಪದೇ ಪದೇ ಎದುರಿಸುತ್ತಾರೆ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ತಂಡ, ಕೋವಿಡ್ ತಗುಲದ ಮಕ್ಕಳಲ್ಲೂ ಹೊಸ ವೈರಸ್ಸಿಗೆ ಸ್ಪಂದಿಸುವ ಪ್ರತಿಕಾಯಗಳು ದೊಡ್ಡವರಿಗಿಂತ ಬಹಳ ಹೆಚ್ಚಿರುವುದನ್ನು 2020ರಲ್ಲಿ ಕಂಡಿತು. ಮಕ್ಕಳಿಗೆ ಕೋವಿಡ್ ಹಗುರಾಗಲು ಇದೊಂದೇ ಕಾರಣವಲ್ಲ, ಅವರ ಮೂಗಿನ ತಕ್ಷಣದ ರಕ್ಷಣೆಯೂ ಚುರುಕು. ವಯಸ್ಸಾದಂತೆ ಇಂಥ ಟಿ ಕೋಶಗಳು ಕಡಿಮೆಯಾಗುತ್ತವೆಂದು ಬರ್ಲಿನ್ನಿನ ಸಂಶೋಧಕರು ತೋರಿಸಿದ್ದಾರೆ. ಅಂದರೆ ಜೀವಮಾನವಿಡೀ ಅತಿ ಹೆಚ್ಚು ನೆಗಡಿ ಕಂಡ ಅಜ್ಜನಿಗೇ ಅದರ ಲಾಭ ಅತಿ ಕಡಿಮೆ. ಜಗಲಿಯ ಮೇಲೆ ಕುಳಿತು ‘ನಮಗೇನಾಗುತ್ತೆ’ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವರು ಮಾತ್ರ ಅವರೇ.

ನಾಲ್ಕನೆಯದು, ತಡೆಯುವುದು ಏನನ್ನು. ಇದಕ್ಕೆ ನಮ್ಮ ಸೀಮೆಯ ಅಂಕಿಅಂಶವೇ ಉತ್ತರ. 2020ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಆಂಧ್ರ ಸರ್ಕಾರ ನಡೆಸಿದ ಪ್ರತಿಕಾಯ ಸಮೀಕ್ಷೆಯಲ್ಲಿ, ಅನಂತಪುರವೂ ಸೇರಿದಂತೆ ಇಡೀ ರಾಜ್ಯದಲ್ಲಿ ಶೇಕಡ 19.7 ಜನರಿಗೆ ಸೋಂಕು ತಗುಲಿ ಹೋಗಿತ್ತು. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕನೇ ಸಮೀಕ್ಷೆಯಲ್ಲಿ ಆಂಧ್ರದ ಶೇಕಡ 70.2, ಕರ್ನಾಟಕದ ಶೇಕಡ 69.8 ಜನರಲ್ಲಿ ಪ್ರತಿಕಾಯಗಳಿದ್ದವು. ಅದರಲ್ಲಿ ಲಸಿಕೆಯ ಪಾಲೂ ಇತ್ತು, ಆದರೆ ದೊಡ್ಡ ಪಾಲು ಸೋಂಕಿನದೇ. ಹಳೆಯ ನೆಗಡಿ ಬಾಗಿಲು ಕಾಯಲಿಲ್ಲ ಎನ್ನಲು ಇದಕ್ಕಿಂತ ಬೇರೆ ರುಜುವಾತು ಬೇಡ.

ಕೊಳೆಯೇ ಕಾಪಾಡಿತೆಂಬ ವಾದ

2020ರ ಕೊನೆಯಲ್ಲಿ ಮಂಡಿಯ ಮಾತಿಗೆ ವಿಜ್ಞಾನಿಗಳ ಕಡೆಯಿಂದಲೂ ಬೆಂಬಲ ಸಿಕ್ಕಂತೆ ಕಂಡಿತು. ಆಗ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಮಹಾನಿರ್ದೇಶಕರಾಗಿದ್ದ ಶೇಖರ್ ಮಾಂಡೆ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ದೇಶಗಳನ್ನು ಹೋಲಿಸಿ, ನೈರ್ಮಲ್ಯ ಕಡಿಮೆ ಇರುವ, ಸೋಂಕುರೋಗ ಹೆಚ್ಚಿರುವ ದೇಶಗಳಲ್ಲಿ ಕೋವಿಡ್ ಸಾವಿನ ಪ್ರಮಾಣ ಕಡಿಮೆ ಎಂದು ತೋರಿಸಿದರು. ಇದು ಕೇವಲ ಅಂಕಿಗಳ ಹೊಂದಾಣಿಕೆ, ಇದನ್ನೇ ಕಾರಣವೆಂದು ತಿಳಿಯಬಾರದು ಎಂದು ಅವರೇ ಎಚ್ಚರಿಸಿದ್ದರು. ಪತ್ರಿಕೆಗಳ ತಲೆಬರಹಗಳಿಗೆ ಆ ಎಚ್ಚರಿಕೆ ಹಿಡಿಸಲಿಲ್ಲ.

ಕೆಲವೇ ತಿಂಗಳಲ್ಲಿ ಎರಡನೇ ಅಲೆ ಬಂತು. 2021ರ ಏಪ್ರಿಲ್–ಮೇನಲ್ಲಿ ಡೆಲ್ಟಾ ತಳಿ ಬೆಂಗಳೂರಿನಿಂದ ರೈಲು, ಬಸ್ಸು ಹತ್ತಿ ಮನೆಗೆ ಮರಳಿದವರ ಜೊತೆ ಗಡಿಯ ಹಳ್ಳಿಗಳಿಗೂ ನುಗ್ಗಿತು. ಹಾಸಿಗೆಗೆ, ಆಮ್ಲಜನಕಕ್ಕೆ ಜನ ಅಲೆದಾಡಿದ್ದನ್ನು ಈ ಸೀಮೆ ಮರೆತಿಲ್ಲ. ನೆಗಡಿಯ ನೆನಪು ಆಗಲೂ ಜನರ ರಕ್ತದಲ್ಲಿತ್ತು, ಅಷ್ಟರಿಂದ ಅಲೆ ತಗ್ಗಲಿಲ್ಲ. 2020–21ರಲ್ಲಿ ಭಾರತದಲ್ಲಿ ಕೋವಿಡ್‌ನಿಂದ ಆದ ಹೆಚ್ಚುವರಿ ಸಾವುಗಳು ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿತು. ಅಧಿಕೃತ ಲೆಕ್ಕ 4.8 ಲಕ್ಷದಷ್ಟಿತ್ತು. ಕೇಂದ್ರ ಸರ್ಕಾರ ಆ ಅಂದಾಜಿನ ವಿಧಾನವನ್ನೇ ಒಪ್ಪಲಿಲ್ಲ. ಜಗಳ ಏನೇ ಇರಲಿ, ನಮ್ಮಲ್ಲಿ ಸಾವು ಕಡಿಮೆ ಕಂಡದ್ದಕ್ಕೆ ನಮ್ಮ ಜನಸಂಖ್ಯೆಯ ಎಳೆಯ ವಯಸ್ಸೂ, ಬರೆಯದೆ ಬಿಟ್ಟ ಸಾವುಗಳೂ ಬಹುಪಾಲು ಕಾರಣ. ಅವುಗಳ ಕೀರ್ತಿಯನ್ನು ನೆಗಡಿಗೆ ಕೊಡುವುದು ಅವಸರದ ಮಾತು.

ಲಸಿಕೆ ಮತ್ತು ತಿರುಗುಮುರುಗಾದ ಲೆಕ್ಕ

ಹಾಗಿದ್ದರೆ ಈ ಸಂಶೋಧನೆಯಿಂದ ಬಂದ ಭಾಗ್ಯವೇನು? ಎರಡು ಗಟ್ಟಿ ಫಲಗಳಿವೆ. ಒಂದು ಲಸಿಕೆಗೆ ಸಂಬಂಧಿಸಿದ್ದು. ಮೊದಲೇ ಇಂಥ ಟಿ ಕೋಶಗಳಿದ್ದವರು ಲಸಿಕೆಗೆ ಇನ್ನಷ್ಟು ಚೆನ್ನಾಗಿ ಸ್ಪಂದಿಸುತ್ತಾರೆಂದು ಲಾ ಹೋಯಾ ಮತ್ತು ಬರ್ಲಿನ್ನಿನ ಅಧ್ಯಯನಗಳು 2021ರಲ್ಲಿ ತೋರಿಸಿದವು. ಬದಲಾಗದ ಒಳಭಾಗಗಳನ್ನೇ ಗುರಿಯಾಗಿಸಿ, ಇಡೀ ಕೊರೊನಾ ಕುಟುಂಬಕ್ಕೆ ಒಂದೇ ಲಸಿಕೆ ಮಾಡಬಹುದೇ ಎಂಬ ಹುಡುಕಾಟಕ್ಕೂ ಈ ಟಿ ಕೋಶಗಳೇ ಬಲ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಬೋಸ್ಟನ್ನಿನ ಅದೇ ಸಾಗರ್ ತಂಡ 2024ರಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಿತು: ಕೋವಿಡ್ ಬಂದು ಹೋದವರಿಗೆ ಆಮೇಲೆ ನೆಗಡಿ ಕೊರೊನಾಗಳ ಕಾಯಿಲೆ ಕಡಿಮೆಯಾಗುತ್ತದೆಯೇ? ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಮುಳ್ಳು ಪ್ರೊಟೀನಿನ ಲಸಿಕೆಯನ್ನು ಮಾತ್ರ ಪಡೆದವರಲ್ಲಿ ಈ ಲಾಭ ಕಾಣಲಿಲ್ಲ. ಒಳಭಾಗಗಳನ್ನು ಕಲಿತ ಟಿ ಕೋಶಗಳೇ ಇದಕ್ಕೆ ಕಾರಣವಿರಬಹುದೆಂದು ತಂಡ ಹೇಳಿತು. ದಾಯಾದಿಗಳ ಗುರುತು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಎಂದಾಯಿತು.

ಇದರಿಂದ ಕೋವಿಡ್‌ನ ಮುಂದಿನ ದಾರಿಯೂ ಸ್ವಲ್ಪ ಕಾಣುತ್ತದೆ. ಸೋಂಕನ್ನು ತಡೆಯುವ ಶಕ್ತಿ ಬೇಗ ಕುಂದಿ, ಕಾಯಿಲೆಯನ್ನು ಹಗುರಗೊಳಿಸುವ ಶಕ್ತಿ ಹೆಚ್ಚು ಕಾಲ ಉಳಿದರೆ, ಬಾಲ್ಯದಲ್ಲೇ ಮೊದಲ ಸಲ ತಗುಲಿ ಮತ್ತೆ ಮತ್ತೆ ಬಂದು ಹೋಗುವ ಐದನೇ ನೆಗಡಿಯಾಗಿ ಅದು ಉಳಿದೀತೆಂದು ಜೆನ್ನಿ ಲವೀನ್ ಮತ್ತು ಸಂಗಡಿಗರು 2021ರ ಆರಂಭದಲ್ಲೇ ಬರೆದಿದ್ದರು. 1889–90ರ ‘ರಷ್ಯನ್ ಜ್ವರ’ ಒಸಿ43 ಮೊದಲ ಬಾರಿಗೆ ಮನುಷ್ಯರಿಗೆ ಹಬ್ಬಿದ ಸಂದರ್ಭವೇ ಇರಬಹುದೆಂಬ ಊಹೆಯೂ ಇದೆ. ದನಗಳ ಕೊರೊನಾ ವೈರಸ್ಸಿನಿಂದ ಒಸಿ43 ಕವಲೊಡೆದದ್ದು 1890ರ ಆಸುಪಾಸು ಎಂದು ಬೆಲ್ಜಿಯಂನ ಸಂಶೋಧಕರು 2005ರಲ್ಲಿ ಲೆಕ್ಕ ಹಾಕಿದ್ದು ಇದಕ್ಕೆ ಆಧಾರ. ಅದು ನಿಜವೇ ಆದರೂ ನೆನಪಿಡಬೇಕಾದ ಅಂಶವೊಂದಿದೆ: ಸಾಮಾನ್ಯ ನೆಗಡಿಯಾಗುವ ಮೊದಲು ಅದು ಅಪಾರ ಜೀವಗಳನ್ನು ತೆಗೆದಿರಬೇಕು.

ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳಿಗೆ ಇದರಿಂದ ಹೊರಡುವ ಪಾಠ ಎರಡು. ಮನೆಯ ಮಟ್ಟದಲ್ಲಿ, ಹಳೆಯ ನೆಗಡಿಯ ಲೆಕ್ಕ ಹಾಕಿ ಹಿರಿಯರನ್ನು ಲಸಿಕೆಯಿಂದ ದೂರ ಇಡಬಾರದು. ಲಸಿಕೆ ಕಲಿಸುವ ಪಾಠಕ್ಕೆ ತಾರೀಖಿದೆ, ಪ್ರಮಾಣವಿದೆ. ನೆಗಡಿಗೆ ಎರಡೂ ಇಲ್ಲ. ಸೀನುವ ಮೊಮ್ಮಗುವಿಗೆ ಹಗುರಾದದ್ದು ಅಜ್ಜಿಗೂ ಹಗುರಾಗುತ್ತದೆಂದು ತಿಳಿಯಲೂಬಾರದು.

ಸರ್ಕಾರದ ಮಟ್ಟದ ಪಾಠ ಇನ್ನೂ ದೊಡ್ಡದು. ಬೋಸ್ಟನ್ನಿಗೆ ಉತ್ತರ ಸಿಕ್ಕಿದ್ದು ಅಲ್ಲಿನವರು ನೆಗಡಿಗೆ ಹೆಸರು ಬರೆದಿಟ್ಟಿದ್ದರಿಂದ. ಲಾ ಹೋಯಾಕ್ಕೆ ಸಿಕ್ಕಿದ್ದು ಹಳೆಯ ರಕ್ತವನ್ನು ಶೀತದಲ್ಲಿ ಕಾದಿಟ್ಟಿದ್ದರಿಂದ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ನೆಗಡಿಯೆಂದರೆ ಒಂದು ಚೀಟಿ, ನಾಲ್ಕು ಮಾತ್ರೆ. ಯಾವ ವೈರಸ್ಸೆಂದು ಯಾರೂ ಕೇಳುವುದಿಲ್ಲ. ಕೋವಿಡ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗೆ ವೈರಸ್ ಪರೀಕ್ಷಾ ಪ್ರಯೋಗಾಲಯಗಳು ಬಂದಿವೆ, ಯಂತ್ರಗಳಿವೆ, ಕೈ ಪಳಗಿದ ತಂತ್ರಜ್ಞರಿದ್ದಾರೆ. ವರ್ಷವಿಡೀ ವಾರಕ್ಕಿಷ್ಟು ನೆಗಡಿಯ ಮಾದರಿಗಳನ್ನು ಅಲ್ಲಿ ಪರೀಕ್ಷಿಸಿ ದಾಖಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹಾಗೆ ಮಾಡಿದರೆ, ಮುಂದಿನ ಹೊಸ ವೈರಸ್ಸು ಬಂದಾಗ ‘ನಮಗೇನಾಗುತ್ತೆ’ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಬೋಸ್ಟನ್ನಿನ ಕಡೆ ನೋಡಬೇಕಾಗಿಲ್ಲ. ಅದು ನಮ್ಮದೇ ಆಸ್ಪತ್ರೆಯ ಕಡತದಲ್ಲಿ ಸಿಗುತ್ತದೆ.